ಫಾಸ್ಟ್ ಅಂದ್ರೆ ಬೇಗನೋ ಗಟ್ಟಿಯೋ? ಒಂದು ಬ್ಲೌಸ್ ಪೀಸಿನಿಂದ ಶುರುವಾದ ತಲೆನೋವು

ಕರಿಬೇವಿನ ಕಡ್ಡಿ:
ಹೋದ ವಾರ ಅಮ್ಮನ ಜೊತೆ ಬಟ್ಟೆ ಅಂಗಡಿಗೆ ಹೋಗಿದ್ದೆ. ಕೆಂಪು ಬ್ಲೌಸ್ ಪೀಸ್ ಒಂದು ಇಷ್ಟವಾಯಿತು. ಅದಕ್ಕೆ ಒಂದು ಸಣ್ಣ ಚೀಟಿ ಅಂಟಿಸಿದ್ದರು, ಇಂಗ್ಲಿಷಿನಲ್ಲಿ ಫಾಸ್ಟ್ ಕಲರ್ ಅಂತ. ಅಮ್ಮ ಓದಿದವರೇ ಪೀಸನ್ನು ವಾಪಸ್ ಇಟ್ಟುಬಿಟ್ಟರು. "ಫಾಸ್ಟಾಗಿ ಹೋಗೋ ಬಣ್ಣ ಅಂತ ಅವರೇ ಬರೆದಿದ್ದಾರಲ್ಲ, ನಮಗ್ಯಾಕೆ?" ಅಂಗಡಿಯವರು ನಕ್ಕು, "ಇಲ್ಲಮ್ಮ, ಹೋಗದೇ ಇರೋ ಬಣ್ಣ ಅಂತ ಅರ್ಥ, ಗ್ಯಾರಂಟಿ" ಅಂದರು. ತಗೊಂಡು ಬಂದೆವು. ಮೊದಲನೇ ಸಲ ನೆನೆಸಿದಾಗಲೇ ಬಕೆಟ್ ನೀರು ಬೀಟ್‌ರೂಟ್ ಸಾರಿನ ಹಾಗಾಯಿತು. ಜೊತೆಗೆ ಬಿದ್ದಿದ್ದ ಅಪ್ಪನ ಬಿಳಿ ಪಂಚೆ ಗುಲಾಬಿ ಆಯಿತು. ಕೊನೆಗೆ ಅಮ್ಮ ಮಾಡಿದ ಅರ್ಥವೇ ಸರಿ ಹೋಯಿತು.

ಪಂಚೆ ವಿಷಯ ಹಾಗಿರಲಿ. ಅವತ್ತಿಂದ ಈ ಪದ ತಲೆ ತಿನ್ನುತ್ತಿದೆ. ಫಾಸ್ಟ್ ಬಸ್ ಅಂದರೆ ಬೇಗ ಹೋಗುವ ಬಸ್. ಫಾಸ್ಟ್ ಕಲರ್ ಅಂದರೆ ಎಲ್ಲಿಗೂ ಹೋಗದ ಬಣ್ಣ. ಇವತ್ತು ಫಾಸ್ಟಿಂಗ್ ಅಂದರೆ ಊಟ ಬಿಟ್ಟಿದ್ದಾರೆ ಅಂತ. ಗಾಢ ನಿದ್ದೆಯಲ್ಲಿ ಇರುವವನಿಗೂ ಫಾಸ್ಟ್ ಅಸ್ಲೀಪ್ ಅಂತಾರೆ, ಆ ಮನುಷ್ಯ ನೋಡಿದರೆ ಮಿಸುಕಾಡೋದೂ ಇಲ್ಲ. ಇವೆಲ್ಲ ಬೇರೆ ಬೇರೆ ಪದಗಳಾಗಿದ್ದು ಆಮೇಲೆ ಒಂದೇ ಥರ ಕೇಳಿಸೋಕೆ ಶುರುವಾದವಾ, ಅಥವಾ ಒಂದೇ ಪದ ಹೀಗೆ ಊರೆಲ್ಲ ಸುತ್ತಿ ಬಂತಾ? ಗೂಗಲ್ ಮಾಡಿ ಅನ್ನಬೇಡಿ. ಮಾಡಿದೆ, ಗೊಂದಲ ಜಾಸ್ತಿಯಾಯಿತು.

ಹಳೇ ಪೇಪರ್:
ಒಂದೇ ಪದ. ನಮ್ಮ "ಹತ್ತು" ನೋಡಿ, ಎಣಿಸುವ ಹತ್ತು ಬೇರೆ, ಮರ ಹತ್ತುವ ಹತ್ತು ಬೇರೆ, ಕಿವಿಗೆ ಮಾತ್ರ ಒಂದು. ಫಾಸ್ಟ್ ಹಾಗಲ್ಲ. ನೀವು ಹೇಳಿದ ಅಷ್ಟೂ ಅರ್ಥಗಳು ಒಂದೇ ಬೇರಿನವು.

ಸುಮಾರು 1100ಕ್ಕೂ ಮೊದಲಿನ ಹಳೇ ಇಂಗ್ಲಿಷಿನಲ್ಲಿ ಈ ಪದಕ್ಕೆ ವೇಗದ ವಾಸನೆಯೇ ಇರಲಿಲ್ಲ. ಅರ್ಥ ಇದ್ದದ್ದು ಗಟ್ಟಿ, ಭದ್ರ, ಅಲುಗಾಡದ್ದು ಅಂತ. ಸ್ಕ್ರೂ ಬೋಲ್ಟುಗಳಿಗೆ ಇವತ್ತೂ ಫಾಸ್ಟನರ್ ಅಂತಾರಲ್ಲ, ವಿಮಾನದಲ್ಲಿ ಸೀಟ್ ಬೆಲ್ಟ್ ಬಿಗಿದುಕೊಳ್ಳಿ ಅನ್ನುವಾಗ "ಫಾಸನ್" ಅಂತಾರಲ್ಲ, ಎರಡೂ ಆ ಹಳೇ ಅರ್ಥದ ಮಕ್ಕಳು. ಸ್ಟೆಡ್‌ಫಾಸ್ಟ್ ಅಂದರೆ ನಿಂತ ಜಾಗ ಬಿಡದವನು. ಅಲ್ಲಿ ಸ್ಟೆಡ್ ಅಂದರೆ ಜಾಗ.

ಈಗ ಇದು ಬೇಗ ಹೇಗಾಯಿತು ಅಂತ. "ಗಟ್ಟಿ" ಅಲ್ಲ, "ಗಟ್ಟಿಯಾಗಿ" ಅನ್ನುವ ರೂಪದಿಂದ ಹೊರಡಿ. ಗಟ್ಟಿಯಾಗಿ ಹಿಡಿ, ಗಟ್ಟಿಯಾಗಿ ಕಟ್ಟು. ಅಲ್ಲಿಂದ ಗಟ್ಟಿಯಾಗಿ ಹೊಡಿ, ಅಂದರೆ ಬಲ ಹಾಕಿ ಹೊಡಿ. ಆಮೇಲೆ ಬಲ ಹಾಕಿ ಓಡು. ಇರೋ ಬಲವೆಲ್ಲ ಹಾಕಿ ಓಡುವವನು ಬೇಗ ಓಡುತ್ತಾನೆ, ಅಷ್ಟೇ ಕಥೆ. 13ನೇ ಶತಮಾನದ ಹೊತ್ತಿಗೆ ಬರವಣಿಗೆಯಲ್ಲಿ ಈ ಬೇಗದ ಅರ್ಥ ಸಿಗುತ್ತದೆ. ಆದರೆ ಫಾಸ್ಟ್ ಕುದುರೆ, ಫಾಸ್ಟ್ ಗಾಡಿ ಅಂತ ಹೆಸರಿನ ಮುಂದೆ ಹಚ್ಚೋದು ಇನ್ನೂ ತಡ, 16ನೇ ಶತಮಾನ. ಇನ್ನೊಂದು ಒಳದಾರಿಯೂ ಇದೆ. ಫಾಸ್ಟ್‌ಗೆ "ಒತ್ತಾಗಿ, ಅಂಟಿಕೊಂಡು" ಅನ್ನೋ ಅರ್ಥವೂ ಇತ್ತು. ಮುಂದೆ ಓಡುವವನ ಬೆನ್ನಿಗೆ ಅಂಟಿಕೊಂಡು ಹೋಗಬೇಕು ಅಂದರೆ ನೀವೂ ಅಷ್ಟೇ ಬೇಗ ಓಡಬೇಕಲ್ವಾ.

ಸಿಲ್ಲಿ ಪಾಯಿಂಟ್:
ಹಾಗಾದರೆ ನಿಂತಲ್ಲೇ ನಿಂತು ಕ್ಯಾಚ್ ಬಿಡೋ ನಾನೇ ಅಸಲಿ ಫಾಸ್ಟ್ 😄 ನಮ್ಮ ಪೇಪರಿನವರು ಜಾಣರು. ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಎಲ್ಲರನ್ನೂ "ವೇಗಿ" ಅಂತ ಎರಡೇ ಅಕ್ಷರದಲ್ಲಿ ಬರೆದು ಈ ರಗಳೆಯಿಂದ ಪಾರಾದರು.

ಸುಮ್ನೆ ಕೇಳ್ದೆ:
ಹಳೇ ಪೇಪರ್ ಸರ್, ಬೇಜಾರಾಗಬೇಡಿ, ಇದು ಆಮೇಲೆ ಕೂತು ಹೊಂದಿಸಿದ ಕಥೆ ಥರ ಕಾಣುತ್ತೆ. ಅಲುಗಾಡದ್ದು ಹೋಗಿ ಹೋಗಿ ಓಡೋದು ಆಗುತ್ತಾ? ಹೀಗೆ ಮೆಟ್ಟಿಲು ಕಟ್ಟುತ್ತಾ ಹೋದರೆ ಬದನೆಕಾಯಿಯನ್ನ ಬಸ್ ಸ್ಟ್ಯಾಂಡ್ ಮಾಡಬಹುದು. ಕನ್ನಡದಲ್ಲಿ ಇಂಥದ್ದು ಒಂದು ಪದ ತೋರಿಸಿ, ಒಪ್ಪುತ್ತೀನಿ.

ಹುಬ್ಬಳ್ಳಿ ಮಿರ್ಚಿ:
ಯಾಕ್ರೀ, ದಿನಾ ಬಾಯಾಗ ಇರೋದನ್ನ ಮರೆತುಬಿಟ್ಟಿರಾ? "ಜೋರು" ತಗೊಳ್ಳಿ. ಪಾರಸಿಯಿಂದ ಬಂದ ಪದ, ಅಲ್ಲಿ ಅರ್ಥ ಶಕ್ತಿ, ಬಲ. ಅಷ್ಟೇ, ವೇಗಗೀಗ ಏನೂ ಇಲ್ಲ. ನಮ್ಮಲ್ಲಿ ಏನಾಯಿತು ನೋಡಿ. ಜೋರು ಮಾಡಬೇಡ ಅಂದರೆ ದಬ್ಬಾಳಿಕೆ ಮಾಡಬೇಡ, ಇಲ್ಲಿ ಇನ್ನೂ ಹಳೇ ಬಲ ಇದೆ. ಜೋರು ಮಳೆ ಅಂದರೆ ರಭಸದ ಮಳೆ. ಜೋರಾಗಿ ಮಾತಾಡು ಅಂದರೆ ದೊಡ್ಡ ದನಿಯಲ್ಲಿ. ಜೋರಾಗಿ ಓಡು ಅಂದರೆ? ಬೇಗ ಓಡು! ಗಾಡಿ ಜೋರು ಹೊಡೀಬ್ಯಾಡ ಅಂತ ನಮ್ಮವ್ವ ನಾನು ಕೀಲಿ ಕೈಗೆ ತಗೊಂಡಾಗೆಲ್ಲ ಹೇಳುತ್ತಾಳೆ. ಗಾಡಿಯ ಬಲದ ಬಗ್ಗೆ ಅಲ್ಲ ಅಕಿ ಚಿಂತೆ, ಸ್ಪೀಡಿನ ಬಗ್ಗೆ. ಬಲದಿಂದ ವೇಗಕ್ಕೆ ಒಂದೇ ಜಿಗಿತ, ನಮ್ಮ ಅಡುಗೆಮನಿಯಾಗ ಆಗಿಹೋಗಿದೆ.

ಹಂಗ ಹೇಳಬೇಕಂದರೆ ನಮ್ಮ "ಲಗೂ ಬಾ" ಕೂಡ ಎಲ್ಲಿಂದಲೋ ಬಂದದ್ದೇ. ಲಘು ಅಂದರೆ ಹಗುರ. ಮೈ ಹಗುರ ಇದ್ದವ ಬೇಗ ಬರುತ್ತಾನೆ. ಇಂಗ್ಲಿಷಿನವರು ಭಾರ ಹಾಕಿ ಓಡಿದರು, ನಾವು ಹಗುರಾಗಿ ಓಡಿದೆವು. ಮುಟ್ಟಿದ್ದು ಒಂದೇ ಊರಿಗೆ.

ಹಳೇ ಪೇಪರ್:
ಮಿರ್ಚಿ ಅವರೇ, ನಿಮಗೊಂದು ಗಿರ್ಮಿಟ್ ಬಾಕಿ. ನಾನು ಇದನ್ನೇ ಹುಡುಕುತ್ತಿದ್ದೆ.

ಜೋರು ಹೊರಗಿನದು, ಹಿಂದಿಯಿಂದ ಅರ್ಥವೂ ಜೊತೆಗೇ ಬಂತು ಅಂತ "ಸುಮ್ನೆ ಕೇಳ್ದೆ" ತಕರಾರು ತೆಗೆಯುವ ಮೊದಲೇ ಅಚ್ಚಕನ್ನಡದ್ದೇ ಒಂದು ಕೊಡುತ್ತೀನಿ. "ಬಿರು". ಬಿರುಮಾತು ಅಂದರೆ ಒರಟು ಮಾತು, ಬಿರುಬಿಸಿಲು, ಬಿರುಗಾಳಿ. ಮೂಲದಲ್ಲಿ ಗಡಸು, ಒರಟು. ಅದರಿಂದಲೇ ಬಿರುಸು. ಚುನಾವಣೆ ಬಂದರೆ ಪೇಪರಿನಲ್ಲಿ "ಬಿರುಸಿನ ಪ್ರಚಾರ" ಅಂತ ಬರೆಯುತ್ತಾರೆ, ಅಲ್ಲಿ ಬಲವೂ ಇದೆ ವೇಗವೂ ಇದೆ, ಎರಡನ್ನೂ ಬಿಡಿಸೋಕೇ ಆಗಲ್ಲ. "ಬಿರುಸಾಗಿ ನಡೆದ", "ಬಿರಬಿರನೆ ಬಂದ" ಅನ್ನುವಾಗ ಗಡಸುತನ ಹೋಗಿ ವೇಗ ಮಾತ್ರ ಉಳಿಯಿತು. ಇಂಗ್ಲಿಷಿನ ಫಾಸ್ಟ್ ನಡೆದ ದಾರಿ ಇದೇ ತಾನೇ?

ನನಗೆ ತುಂಬಾ ಖುಷಿ ಕೊಡೋದು ಮಾತ್ರ "ಗಟ್ಟಿ". ಇದು ಫಾಸ್ಟ್‌ನ ನೇರ ಕನ್ನಡ ಅಣ್ಣ. ಗಟ್ಟಿ ನೆಲ, ಗಟ್ಟಿ ಮನಸ್ಸು, ಗಟ್ಟಿಯಾಗಿ ಹಿಡಿ, ಎಲ್ಲ ಸರಿ. ಆದರೆ "ಗಟ್ಟಿಯಾಗಿ ಓಡು" ಅಂತ ಯಾರೂ ಅನ್ನಲ್ಲ. ಅದು ಬೇರೆ ಕಡೆ ತಿರುಗಿತು. "ಗಟ್ಟಿಯಾಗಿ ಓದು" ಅಂದರೆ ದನಿ ಎತ್ತಿ ಓದು ಅಂತ. ಒಂದೇ ಕವಲುದಾರಿಗೆ ಬಂದು ಫಾಸ್ಟ್ ಕಾಲಿಗೆ ಹೋಯಿತು, ಗಟ್ಟಿ ಗಂಟಲಿಗೆ ಹೋಯಿತು, ಜೋರು ಎರಡಕ್ಕೂ ಹೋಯಿತು.

ಸುಮ್ನೆ ಕೇಳ್ದೆ:
ಬಿರುಸು ಒಪ್ಪಿದೆ. ಬದನೆಕಾಯಿ ವಾಪಸ್ ತಗೊಂಡೆ. ಆದರೆ ಉಪವಾಸ ಎಲ್ಲಿಂದ ಬಂತು? ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಮಾವ ಒಬ್ಬರು ಕಳಿಸಿದ್ದರು, ಉಪವಾಸದ "ವಾಸ" ಬ್ರಿಟಿಷರ ಬಾಯಲ್ಲಿ ಫಾಸ್ಟ್ ಆಯಿತಂತೆ, ಹದಿನೇಳು ಜನ ಕೈಮುಗಿದಿದ್ದರು.

ದ್ವಾದಶಿ ದೋಸೆ:
ಮಾವನವರಿಗೆ ಅವಮಾನ ಆಗದ ಹಾಗೆ ಹೇಳಿ, ಅದು ಸುಳ್ಳು. ಈಸ್ಟ್ ಇಂಡಿಯಾ ಕಂಪನಿ ಶುರುವಾಗಿದ್ದೇ 1600ರಲ್ಲಿ. ಉಪವಾಸ ಅನ್ನೋ ಅರ್ಥದ ಫಾಸ್ಟ್ ಅದಕ್ಕಿಂತ ನೂರಾರು ವರ್ಷ ಮೊದಲೇ ಇಂಗ್ಲಿಷಿನಲ್ಲಿತ್ತು.

ನಮ್ಮ ಉಪವಾಸದ ಕಥೆಯೇ ಬೇರೆ. ಉಪ ಅಂದರೆ ಹತ್ತಿರ, ವಾಸ ಅಂದರೆ ಇರೋದು. ಯಾರ ಹತ್ತಿರ ಅಂದರೆ ದೇವರ ಹತ್ತಿರ ಅಂತ ಈಗ ಹೇಳುತ್ತೇವೆ. ಶತಪಥ ಬ್ರಾಹ್ಮಣದಲ್ಲಿ ಇದಕ್ಕೆ ಚಂದದ ಕಾರಣ ಕೊಟ್ಟಿದೆ. ನಾಳೆ ಯಜ್ಞ ಇದೆ ಅಂತ ಗೊತ್ತಾಗಿ ದೇವತೆಗಳು ಹಿಂದಿನ ದಿನವೇ ಬಂದು ಯಜಮಾನನ ಮನೆಯಲ್ಲಿ ಉಳಿದುಕೊಳ್ಳುತ್ತಾರೆ. ನೆಂಟರು ಊಟ ಮಾಡದೆ ಕೂತಿರುವಾಗ ಮನೆಯವನು ಮೊದಲು ಉಣ್ಣೋದು ಸರಿಯಾ? ಅದಕ್ಕೆ ಅವನೂ ಉಣ್ಣಲ್ಲ. ಇದು ನಮ್ಮ ಅಜ್ಜಿ ಹೇಳೋ ಮಾತೇ, "ಬಂದವರಿಗೆ ಬಡಿಸದೆ ನೀನು ತಟ್ಟೆ ಹಾಕಿಕೊಂಡೆಯಾ?" ಬೌದ್ಧರ ಉಪೋಸಥವೂ ಇದೇ ಪದದ ನೆಂಟ.

ಆದರೆ ಇಂಗ್ಲಿಷಿನವರ ಯೋಚನೆ ನಮಗೆ ಅಷ್ಟೇನೂ ದೂರ ಅಲ್ಲ. ನಾವು ವ್ರತವನ್ನ ಏನು ಮಾಡುತ್ತೇವೆ? ಹಿಡಿಯುತ್ತೇವೆ. "ಈ ಸಲ ಸೋಮವಾರದ ವ್ರತ ಹಿಡಿದಿದ್ದಾರೆ." ಪಟ್ಟು ಹಿಡಿದ ಹಾಗೆ, ಹಟ ಹಿಡಿದ ಹಾಗೆ. ಫಾಸ್ಟ್ ಅಂದರೂ ಅದೇ, ನಿಯಮವನ್ನ ಗಟ್ಟಿಯಾಗಿ ಹಿಡಿಯೋದು.

ಹಳೇ ಪೇಪರ್:
ಸರಿಯಾಗಿ ಹೇಳಿದಿರಿ. ಇಂಗ್ಲಿಷಿಗೆ ಹತ್ತಿರದ ಗೋಥಿಕ್ ಅನ್ನೋ ಭಾಷೆಯಲ್ಲಿ 4ನೇ ಶತಮಾನದ ಬೈಬಲ್ ಅನುವಾದ ಇದೆ. ಅದರಲ್ಲಿ "ಫಾಸ್ತಾನ್" ಅನ್ನೋ ಒಂದೇ ಕ್ರಿಯಾಪದಕ್ಕೆ ಎರಡೂ ಅರ್ಥ ಇದೆ. ನಿಯಮ ಕಾಯ್ದುಕೊಳ್ಳು ಅಂತಲೂ ಹೌದು, ಉಪವಾಸ ಮಾಡು ಅಂತಲೂ ಹೌದು. ಗಟ್ಟಿಯಿಂದ ಹಸಿವಿಗೆ ಹೋದ ಹೆಜ್ಜೆ ಅಲ್ಲೇ ಕಾಣುತ್ತೆ.

ಬ್ರೇಕ್‌ಫಾಸ್ಟ್ ಎಲ್ಲರಿಗೂ ಗೊತ್ತು, ರಾತ್ರಿಯ ಉಪವಾಸ ಮುರಿಯೋದು, 15ನೇ ಶತಮಾನದ ಪದ. ತಮಾಷೆ ಇರೋದು ಡಿನ್ನರ್‌ನಲ್ಲಿ. ಅದು ಫ್ರೆಂಚಿನ ಮೂಲಕ ಲ್ಯಾಟಿನ್ನಿಂದ ಬಂದದ್ದು, ಅಲ್ಲಿನ ಮೂಲ ಅರ್ಥವೂ ಉಪವಾಸ ಮುರಿಯೋದು ಅಂತಲೇ! ಅಂದರೆ ಡಿನ್ನರ್ ಕೂಡ ಹುಟ್ಟಿನಿಂದ ಬೆಳಗಿನ ತಿಂಡಿ. ದಿನದ ಮೊದಲ ಊಟವಾಗಿದ್ದದ್ದು ಜರುಗುತ್ತಾ ಜರುಗುತ್ತಾ ರಾತ್ರಿಗೆ ಬಂತು.

ದ್ವಾದಶಿ ದೋಸೆ:
ನಮ್ಮಲ್ಲಿ ಅದಕ್ಕೆ ಪಾರಣೆ ಅಂತ ಶುದ್ಧವಾದ ಪದ ಇದೆ. ಏಕಾದಶಿ ಮುಗಿಸಿ ದ್ವಾದಶಿ ಬೆಳಗ್ಗೆ ಏಳಕ್ಕೆಲ್ಲ ಅನ್ನ ಸಾರು ಪಲ್ಯ ಪಾಯಸ. ಮುರಿಯೋದು ಅಲ್ಲ, ಪಾರಣೆ ಅಂದರೆ ಪೂರೈಸೋದು, ದಡ ಮುಟ್ಟಿಸೋದು. ಚಿಕ್ಕವನಿದ್ದಾಗ ನನಗೆ ಅಷ್ಟು ಹೊತ್ತಿಗೆ ಅನ್ನ ಸೇರುತ್ತಿರಲಿಲ್ಲ, ಹಿಂದಿನ ದಿನದ ಸಾಬೂದಾನಿ ಉಳಿದಿದೆಯಾ ಅಂತ ಪಾತ್ರೆ ಮುಚ್ಚಳ ಎತ್ತಿ ನೋಡುತ್ತಿದ್ದೆ.

ಸ್ಲೈಡ್ ನೋಡೋನು:
ನಾನು ಲ್ಯಾಬ್ ಟೆಕ್ನಿಷಿಯನ್. ಈ ಪದದ ಕಷ್ಟ ನನ್ನನ್ನ ಕೇಳಿ. ನಮ್ಮಲ್ಲಿ ಎರಡು ಫಾಸ್ಟ್ ಇದೆ, ಎರಡರಲ್ಲೂ ವೇಗ ಇಲ್ಲ.

ಒಂದು ಫಾಸ್ಟಿಂಗ್ ಶುಗರ್. ಕಡೇ ಪಕ್ಷ ಎಂಟು ಗಂಟೆ ಏನೂ ತಿಂದಿರಬಾರದು. 100ರ ಒಳಗೆ ಬಂದರೆ ನಾರ್ಮಲ್ ಅಂತೀವಿ. ಒಬ್ಬರು ಹಿರಿಯರು ಬಂದು ಕೂತು ಕೈ ಚಾಚಿದರು. ತಿಂಡಿ ಆಯ್ತಾ ಅಜ್ಜ ಅಂದೆ. "ಎರಡು ಇಡ್ಲಿ ತಿಂದೆ, ನೀವು ಫಾಸ್ಟ್ ಅಂದಿರಲ್ಲ, ಅದಕ್ಕೆ ಬೇಗ ಬೇಗ ತಿಂದು ಬಂದೆ." ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ಆಗುತ್ತಾ? ಅವತ್ತಿಂದ ನಾನು ಚೀಟಿಯಲ್ಲಿ "ಖಾಲಿ ಹೊಟ್ಟೆ" ಅಂತ ಕನ್ನಡದಲ್ಲಿ ಬರೆದು ಕೆಳಗೆ ಗೆರೆ ಎಳೆಯುತ್ತೇನೆ.

ಇನ್ನೊಂದು ಕ್ಷಯಕ್ಕೆ ಮಾಡುವ ಕಫ ಪರೀಕ್ಷೆ, ಎಎಫ್‌ಬಿ ಅಂತ ಬರೆದಿರುತ್ತಾರೆ, ಆಸಿಡ್ ಫಾಸ್ಟ್ ಬ್ಯಾಸಿಲೈ. ಮನೆಯವರು "ಫಾಸ್ಟ್ ಟೆಸ್ಟ್ ಅಲ್ವಾ, ರಿಪೋರ್ಟ್ ಯಾಕೆ ಇನ್ನೂ ಬಂದಿಲ್ಲ" ಅಂತ ಕೌಂಟರಿಗೆ ಬರುತ್ತಾರೆ. ಇಲ್ಲಿ ಫಾಸ್ಟ್ ಅಂದರೆ ಬ್ಲೌಸ್ ಪೀಸಿನ ಫಾಸ್ಟ್. ಸ್ಲೈಡಿನ ಮೇಲೆ ಕಫ ಸವರಿ, ಕೆಂಪು ಬಣ್ಣ ಸುರಿದು, ಕೆಳಗಿಂದ ಹಬೆ ಏಳೋ ತನಕ ಕಾಯಿಸುತ್ತೇವೆ. ಆಮೇಲೆ ಸಲ್ಫ್ಯೂರಿಕ್ ಆಸಿಡ್ ಹಾಕಿ ತೊಳೆಯೋದು. ಬೇರೆಲ್ಲದರ ಬಣ್ಣ ಬಿಟ್ಟುಹೋಗುತ್ತೆ. ಕ್ಷಯದ ರೋಗಾಣುವಿನ ಮೈಮೇಲೆ ಮೇಣದಂಥ ಹೊದಿಕೆ ಇದೆ, ಅದು ಮಾತ್ರ ಹಿಡಿದ ಬಣ್ಣವನ್ನ ಆಸಿಡ್ ಹಾಕಿದರೂ ಬಿಡಲ್ಲ. ಆಮೇಲೆ ನೀಲಿ ಬಣ್ಣ ಹಾಕಿ ನೋಡಿದರೆ ನೀಲಿ ನೆಲದ ಮೇಲೆ ಸಣ್ಣ ಸಣ್ಣ ಕೆಂಪು ಕಡ್ಡಿಗಳು. ರಾಬರ್ಟ್ ಕಾಖ್ ಈ ರೋಗಾಣು ಕಂಡುಹಿಡಿದದ್ದು 1882ರಲ್ಲಿ, ಅದು ಆಸಿಡ್‌ಗೆ ಬಗ್ಗಲ್ಲ ಅಂತ ಪಾಲ್ ಎರ್ಲಿಖ್ ತೋರಿಸಿದ್ದೂ ಅದೇ ವರ್ಷ.

ಸ್ಟುಟ್‌ಗಾರ್ಟ್ ಸೊಪ್ಪುಸಾರು:
ನನ್ನ ಗೋಳು ಕೇಳಿ. ಜರ್ಮನಿಗೆ ಬಂದ ಹೊಸತು. ಸಹೋದ್ಯೋಗಿಯ ಹತ್ತಿರ ಕೆಲಸ ಎಲ್ಲಿಗೆ ಬಂತು ಅಂತ ಕೇಳಿದೆ. "ಫಾಸ್ಟ್ ಫೆರ್ಟಿಗ್" ಅಂದ. ಫೆರ್ಟಿಗ್ ಅಂದರೆ ಮುಗಿಯಿತು ಅಂತ ಅಷ್ಟು ಕಲಿತಿದ್ದೆ. ಫಾಸ್ಟಾಗಿ ಮುಗಿಸಿದ್ದಾನೆ, ಭಲೇ ಅಂದುಕೊಂಡು ಮೀಟಿಂಗಿನಲ್ಲಿ ಮುಗಿದಿದೆ ಅಂತ ಹೇಳಿಯೂಬಿಟ್ಟೆ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಜರ್ಮನ್ನಿನಲ್ಲಿ ಫಾಸ್ಟ್ ಅಂದರೆ "ಹೆಚ್ಚು ಕಮ್ಮಿ, ಇನ್ನೇನು" ಅಂತ. ಇನ್ನೇನು ಮುಗಿಯುತ್ತೆ ಅಂದಿದ್ದ ಪುಣ್ಯಾತ್ಮ. ಆ ಇನ್ನೇನು ಮೂರು ದಿನ ಹಿಡಿಯಿತು.

ಇಲ್ಲಿ ಗಟ್ಟಿಗೆ "ಫೆಸ್ಟ್" ಅಂತಾರೆ. ಕಂಪ್ಯೂಟರ್ ಹಾರ್ಡ್ ಡಿಸ್ಕ್ ಇವರಿಗೆ ಫೆಸ್ಟ್‌ಪ್ಲಾಟೆ. ಉಪವಾಸ ಮಾಡೋದಕ್ಕೆ "ಫಾಸ್ಟನ್". ಎಲ್ಲ ಇದೆ, ಬೇಗ ಅನ್ನೋದು ಮಾತ್ರ ಇಲ್ಲ. ಅದಕ್ಕೆ "ಶ್ನೆಲ್" ಅನ್ನೋ ಬೇರೆ ಪದ.

ಹಳೇ ಪೇಪರ್:
ಹೆಚ್ಚು ಕಮ್ಮಿ ಅನ್ನೋ ಆ ಜರ್ಮನ್ ಫಾಸ್ಟ್ ಕೂಡ ಅದೇ ಬೇರು. ನಾನು ಮೊದಲು ಹೇಳಿದ "ಒತ್ತಾಗಿ" ಇದೆಯಲ್ಲ, ಅದು ಜರ್ಮನ್ನಿನಲ್ಲಿ ಹತ್ತಿರ ಅಂತಾಗಿ, ಆಮೇಲೆ "ಹತ್ತಿರ ಹತ್ತಿರ" ಆಯಿತು. ನಾವೂ ಹೇಳುತ್ತೇವಲ್ಲ, ಮದುವೆಗೆ ಹತ್ತಿರ ಹತ್ತಿರ ಸಾವಿರ ಜನ ಅಂತ.

ಕೋಟೆ ಕಡೆಯವನು:
ಮಧುಗಿರಿಯಿಂದ ಒಂದು ಸಣ್ಣ ಸೇರ್ಪಡೆ. ಇಂಗ್ಲಿಷಿನಲ್ಲಿ ಫಾಸ್ಟ್‌ನೆಸ್ ಅಂದರೆ ಭದ್ರವಾದ ಕೋಟೆ ಅಂತಲೂ ಅರ್ಥ ಇದೆ. ದುರ್ಗ ಅಂದರೆ ಹೋಗೋಕೆ ಕಷ್ಟವಾದ ಜಾಗ. ನಮ್ಮ ಬೆಟ್ಟ ಹತ್ತುವಾಗ ಆ ಕಬ್ಬಿಣದ ಕಂಬಿ ಹಿಡಿದು ನಿಂತರೆ ಫಾಸ್ಟ್‌ನೆಸ್‌ನಲ್ಲಿ ಯಾವನೂ ಫಾಸ್ಟಾಗಿ ಹೋಗಲ್ಲ ಅಂತ ಚೆನ್ನಾಗಿ ಗೊತ್ತಾಗುತ್ತೆ.

ಸಿಲ್ಲಿ ಪಾಯಿಂಟ್:
ಫಾಸ್ಟ್ಯಾಗ್ ಬಿಟ್ಟಿರಲ್ಲ! 2021ರ ಫೆಬ್ರವರಿಯಿಂದ ಕಡ್ಡಾಯ. ಗಾಜಿಗೆ ಗಟ್ಟಿಯಾಗಿ ಅಂಟಿದೆ, ಗಾಡಿ ಟೋಲ್‌ನಲ್ಲಿ ಗಟ್ಟಿಯಾಗಿ ನಿಂತಿದೆ. ಹಳೇ ಇಂಗ್ಲಿಷ್ ಅರ್ಥಕ್ಕೆ ಇಷ್ಟು ಮರ್ಯಾದೆ ಕೊಟ್ಟವರು ಬೇರೆ ಯಾರೂ ಇಲ್ಲ.

ಬಣ್ಣದ ಹಂಡೆ:
ಅಲ್ರೀ, ಪದ ಪದ ಅಂತ ಪಂಚೆಯನ್ನೇ ಮರೆತಿರಾ. ನಾನು ನೂಲಿಗೆ ಬಣ್ಣ ಹಾಕುವ ಕೆಲಸದಲ್ಲಿದ್ದವನು. ನಮ್ಮಲ್ಲಿ ಫಾಸ್ಟ್‌ಗೆ ಅಂಕ ಕೊಡುತ್ತಾರೆ. ಒಗೆತಕ್ಕೆ 1ರಿಂದ 5, 5 ಅಂದರೆ ಜಪ್ಪಯ್ಯ ಅಂದರೂ ಹೋಗಲ್ಲ. ಬಿಸಿಲಿಗೆ 1ರಿಂದ 8.

ಹತ್ತಿಗೆ ಹಾಕುವ ಅಗ್ಗದ ಬಣ್ಣ ಸುಮ್ನೆ ಎಳೆಗೆ ಅಂಟಿಕೊಂಡಿರುತ್ತೆ, ಹೊಸ ನೀರು ಕಂಡರೆ ಇಳಿದು ಹೊರಡುತ್ತೆ. ಗಟ್ಟಿ ಬಣ್ಣದಲ್ಲಿ ಮುಖ್ಯವಾಗಿ ಎರಡು ಥರ. ಒಂದು ನೀಲಿ, ಅಂದರೆ ಇಂಡಿಗೊ, ಇದ್ದ ಹಾಗೆ. ನೀರಿನಲ್ಲಿ ಕರಗದ ಬಣ್ಣವನ್ನ ಹಂಡೆಯಲ್ಲಿ ಕರಗುವ ಹಾಗೆ ಮಾಡಿ ನೂಲಿನ ಒಳಗೆ ಕಳಿಸೋದು, ಮೇಲೆತ್ತಿದ ಮೇಲೆ ಗಾಳಿ ತಾಗಿ ಅದು ಮತ್ತೆ ಕರಗದ ರೂಪಕ್ಕೆ ಬಂದು ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ನೀಲಿ ನೂಲು ಹಂಡೆಯಿಂದ ಎತ್ತುವಾಗ ಹಸಿರು ಹಳದಿ ಇರುತ್ತೆ, ಕೈಯಲ್ಲಿ ಹಿಡಿದು ನೋಡುತ್ತಿರುವಾಗಲೇ ನೀಲಿಗೆ ತಿರುಗುತ್ತೆ. ಎಷ್ಟು ವರ್ಷ ನೋಡಿದರೂ ನನಗೆ ಸಾಕಾಗಲಿಲ್ಲ. ಇನ್ನೊಂದು 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣ, ಅದು ಎಳೆಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತೆ.

ಮುಂದಿನ ಸಲ ಚೀಟಿ ಓದಬೇಡಿ. ಬಿಳಿ ಕರ್ಚೀಫ್ ಒದ್ದೆ ಮಾಡಿ ಅಂಗಡಿಯಲ್ಲೇ ಒಂದು ಮೂಲೆಗೆ ಹತ್ತು ಸಲ ಉಜ್ಜಿ. ಕರ್ಚೀಫ್ ಕೆಂಪಾದರೆ ಎದ್ದು ಬನ್ನಿ. ಅಂದಹಾಗೆ ಇಂಗ್ಲಿಷಿನಲ್ಲಿ ಬಣ್ಣ ಬಿಡೋದಕ್ಕೆ "ಓಡೋದು" ಅಂತಾರೆ. ಫಾಸ್ಟ್ ಆಗಿದ್ದರೆ ಓಡಲ್ಲ, ಓಡಿದರೆ ಅದು ಫಾಸ್ಟ್ ಅಲ್ಲ. ಆ ಭಾಷೆಯವರೇ ಇದನ್ನ ಹೇಗೆ ಸಂಭಾಳಿಸುತ್ತಾರೋ.

ಕರಿಬೇವಿನ ಕಡ್ಡಿ:
ಎಲ್ಲರಿಗೂ ಥ್ಯಾಂಕ್ಸ್, ಒಂದು ಬ್ಲೌಸ್ ಪೀಸಿಗೆ ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ. ಜೋರು, ಬಿರುಸು, ಗಟ್ಟಿ ಮೂರನ್ನೂ ಅಮ್ಮನಿಗೆ ಓದಿ ಹೇಳಿದೆ. "ಅದಕ್ಕೆ ಅಷ್ಟು ದೊಡ್ಡ ಚರ್ಚೆ ಯಾಕೆ, ಜೋರಾಗಿ ಹೋಗೋ ಬಣ್ಣ ಅಂತ ನಾನು ಅಂಗಡಿಯಲ್ಲೇ ಹೇಳಿದ್ದೆ" ಅಂದರು.

ಪಂಚೆಯ ವರದಿ: ಮೂರು ಸಲ ಒಗೆದಾಯಿತು, ನಿಂಬೆಹಣ್ಣು ಆಯಿತು, ಬಿಸಿಲಿಗೆ ಹಾಕಿದ್ದಾಯಿತು. ಬ್ಲೌಸ್ ಪೀಸಿನಿಂದ ಹತ್ತು ನಿಮಿಷದಲ್ಲಿ ಎದ್ದು ಬಂದ ಬಣ್ಣ ಪಂಚೆಯಲ್ಲಿ ಹೋಗಿ ಕೂತಿದ್ದು ಏಳುತ್ತಿಲ್ಲ. ಬಣ್ಣದ ಹಂಡೆ ಸರ್, ಇದಕ್ಕೆ ನೀವು ಐದಕ್ಕೆ ಎಷ್ಟು ಕೊಡುತ್ತೀರಿ?